ಹಿಮದ ಏರಿಗೆ ಹುರಿದ ಮರಳು

ಕುವೈತಿನಲ್ಲಿ ರೈಲಿಲ್ಲ. ಹಿಮವಂತೂ ಬೀಳುವುದಿಲ್ಲ ಎಂದೇ ಹೇಳಬೇಕು. ಆದರೂ ಮೂಲ್ಕಿ ಕಡೆಯ ಹರಿಣಾಕ್ಷಿ ಅಲ್ಲಿ ಮಾಡುವ ಕೆಲಸ ಹಿಮದಲ್ಲಿ ರೈಲು ಓಡಿಸುವುದು. ಊರಿನಲ್ಲಿ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಮಂಗಳೂರಿನಲ್ಲಿ ನರ್ಸಿಂಗ್ ಓದುವ ಅವಳ ಮಗಳು ಅನ್ವಿತಾ ಕೂಡ ಮೊದಲು ನಂಬಿರಲಿಲ್ಲ. ವಿಡಿಯೋ ಕಳಿಸಿದ ಮೇಲೆ, “ಅಮ್ಮ, ಇದು ನಿಜವಾಗಿಯೂ ನೀನಾ? ಟೊಪ್ಪಿ ಹಾಕಿಕೊಂಡು ಯಾರೋ ಪೊಲೀಸ್ ಹಾಗೆ ಕಾಣ್ತೀ,” ಎಂದಿದ್ದಳು.

ಶುವೈಖ್‌ನಲ್ಲಿ ಗ್ಯಾರೇಜುಗಳ ಸಾಲು ಮುಗಿಯುವ ಕಡೆ ಒಂದು ಹಳೆಯ ಗೋದಾಮು ಇತ್ತು. ಅದರ ಗೋಡೆಯನ್ನು ಒಂದು ಮೊಳ ದಪ್ಪ ಮಾಡಿ, ಒಳಗೆ ತಂಪು ಮಾಡುವ ಯಂತ್ರಗಳನ್ನಿಟ್ಟು, ಮಕ್ಕಳ ಆಟಕ್ಕೆ ಹಿಮದ ಮನೆ ಮಾಡಿದ್ದಾರೆ. ಹೊರಗೆ ಬಿಸಿಲು ಐವತ್ತು ಡಿಗ್ರಿ ಇದ್ದರೂ ಒಳಗೆ ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗೆ. ಮಾಡಿನ ಹತ್ತಿರ ಇರುವ ಆರು ಯಂತ್ರಗಳು ಆಟ ಮುಗಿದ ಮೇಲೆ ಹಿಮ ಉದುರಿಸುತ್ತವೆ. ಬೆಳಿಗ್ಗೆ ಬಾಗಿಲು ತೆರೆದರೆ ಎಲ್ಲ ಕಡೆ ಆಗ ತಾನೇ ಜರಡಿ ಹಿಡಿದ ಅಕ್ಕಿಹಿಟ್ಟು ಸುರಿದಂತೆ ಇರುತ್ತದೆ.

ಆ ಹಿಮದ ನಡುವೆ ಸಣ್ಣ ರೈಲು. ಬ್ಯಾಟರಿಯಿಂದ ಓಡುವ ಹಸಿರು ಇಂಜಿನ್, ಅದರ ಹಿಂದೆ ಮೂರು ತೆರೆದ ಡಬ್ಬಿ, ಒಂದು ಡಬ್ಬಿಗೆ ಆರು ಮಕ್ಕಳು. ಹಳಿಯ ಒಂದು ಸುತ್ತು ಹರಿಣಾಕ್ಷಿಯ ಹೆಜ್ಜೆಯಲ್ಲಿ ಇನ್ನೂರ ಹನ್ನೆರಡು. ಅದರಲ್ಲಿ ಮೂವತ್ತನಾಲ್ಕು ಹೆಜ್ಜೆ ಏರು. ಏರು ಮುಗಿದ ಕೂಡಲೇ ಸುರಂಗ, ಸುರಂಗ ದಾಟಿದರೆ ಇಳಿಜಾರು, ಆಮೇಲೆ ಜನ ಹಳಿ ದಾಟುವ ಜಾಗ, ಕೊನೆಗೆ ಸ್ಟೇಷನ್.

ರೈಲು ಓಡಿಸುವುದೆಂದರೆ ಗುಂಡಿ ಒತ್ತಿ ಕೂತುಕೊಳ್ಳುವುದು ಎಂದು ನೋಡುವವರಿಗೆ ಅನ್ನಿಸುತ್ತದೆ. ಹರಿಣಾಕ್ಷಿಯ ಕೆಲಸ ಬಾಗಿಲು ತೆರೆಯುವುದಕ್ಕೆ ಮೂರು ಗಂಟೆ ಮೊದಲೇ ಶುರುವಾಗುತ್ತದೆ. ಮೊದಲು ಹಿಡಿಸೂಡಿಯಿಂದ ಹಳಿಯ ಎರಡೂ ಬದಿ ಗುಡಿಸಬೇಕು. ಪ್ಲಾಸ್ಟಿಕ್ ಪೊರಕೆ ಹಿಮವನ್ನು ಸವರುತ್ತದೆ, ತೆಂಗಿನ ಕಡ್ಡಿಯ ಹಿಡಿಸೂಡಿ ಕೆರೆದು ತೆಗೆಯುತ್ತದೆ. ಜನ ದಾಟುವ ಜಾಗದಲ್ಲಿ ಹಳಿಯ ಪಕ್ಕ ಎರಡು ಬೆರಳು ಅಗಲದ ಸಂದು ಇದೆ, ಚಕ್ರದ ಅಂಚು ಹೋಗುವುದು ಆ ಸಂದಿನಲ್ಲಿ. ಬೂಟು ಹಾಕಿದ ನೂರಾರು ಕಾಲು ತುಳಿದು ತುಳಿದು ಅಲ್ಲಿ ಹಿಮ ಕಲ್ಲಾಗುತ್ತದೆ. ಅದನ್ನು ತೆಗೆಯದೆ ಹೋದರೆ ಚಕ್ರ ಮೇಲೆದ್ದು ಹಳಿ ಬಿಡುತ್ತದೆ. ಅದಕ್ಕೆ ಅವಳು ದೋಸೆ ಮಗುಚುವ ಕಬ್ಬಿಣದ ಸಟ್ಟುಗ ಇಟ್ಟುಕೊಂಡಿದ್ದಾಳೆ. ಮೊಣಕಾಲೂರಿ ಕೂತು, ಸಂದಿಗೆ ಸಟ್ಟುಗ ಹಾಕಿ, ತಳ ಹಿಡಿದ ಪಾತ್ರೆ ಕೆರೆದ ಹಾಗೆ ಕೆರೆಯುತ್ತಾಳೆ. ಬೆರಳು ಹಾಕಿದರೆ ಕಬ್ಬಿಣದ ತಳ ತಾಗಬೇಕು. ತಾಗುವವರೆಗೆ ಏಳುವುದಿಲ್ಲ.

ಇಲ್ಲಿಗೆ ಬರುವ ಮೊದಲು ಹದಿನಾಲ್ಕು ವರ್ಷ ಅವಳು ಜಹ್ರಾದಲ್ಲಿ ಒಂದು ಕುವೈತಿ ಮನೆಯ ಅಡುಗೆಯವಳು. ಗಂಡ ಧನರಾಜ್ ಮುಂಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದ. ಜ್ವರವೆಂದು ಊರಿಗೆ ಬಂದವನು ಹನ್ನೊಂದನೇ ದಿನ ತೀರಿಹೋದ. ಆಗ ಅನ್ವಿತಾಳಿಗೆ ನಾಲ್ಕು ವರ್ಷ. ಮಗುವನ್ನು ತಾಯಿಯ ಹತ್ತಿರ ಬಿಟ್ಟು ಹರಿಣಾಕ್ಷಿ ವಿಮಾನ ಹತ್ತಿದಳು. ಜಹ್ರಾದ ಮೇಡಂ ಕೆಟ್ಟವರಲ್ಲ. ಊಟ, ಬಟ್ಟೆ, ಎರಡು ವರ್ಷಕ್ಕೊಮ್ಮೆ ಊರಿಗೆ ಟಿಕೆಟು, ಎಲ್ಲ ಸರಿಯಿತ್ತು. ಆದರೆ ಆ ಮನೆಯಲ್ಲಿ ಅವಳದೆಂದು ಒಂದು ಬಾಗಿಲೂ ಇರಲಿಲ್ಲ. ಯಾವ ಹೊತ್ತಿಗೆ ಯಾರು “ಹರೀನಾ” ಎಂದು ಕರೆದರೂ ಏಳಬೇಕು. ಒಲೆ ಅವರದು, ಉಪ್ಪು ಎಷ್ಟೆನ್ನುವುದೂ ಅವರದು.

ಆ ಮನೆಯ ಮಕ್ಕಳನ್ನು ಕಾಯುವುದಕ್ಕೆಂದು ಹೋದಾಗಲೇ ಅವಳು ಮೊದಲು ಹಿಮದ ಮನೆ ನೋಡಿದ್ದು. ಮಕ್ಕಳ ಜೊತೆ ಡಬ್ಬಿಯಲ್ಲಿ ಮೊಣಕಾಲು ಮಡಚಿ ಕೂತಿದ್ದಳು. ಆಗ ರೈಲು ಓಡಿಸುತ್ತಿದ್ದವನು ಗುಡಿಸುವ ರೀತಿ ನೋಡಿ, ಇವನು ಕಸವನ್ನು ಬಾಗಿಲ ಹಿಂದೆ ದೂಡುವವನು ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದಳು. ಎರಡು ಸಾವಿರದ ಇಪ್ಪತ್ತನಾಲ್ಕರಲ್ಲಿ ಮನೆಗೆಲಸದ ವೀಸಾದವರು ಕಂಪನಿ ವೀಸಾಕ್ಕೆ ಹೋಗಬಹುದು ಎಂದು ಸರಕಾರ ಎರಡು ತಿಂಗಳು ಅವಕಾಶ ಕೊಟ್ಟಿತು. ಮಕ್ಕಳು ದೊಡ್ಡವರಾಗಿದ್ದರು, ಮೇಡಂ ಒಪ್ಪಿ ಸಹಿ ಹಾಕಿದರು. ಹಿಮದ ಮನೆಯ ಕೋಟಿನ ಕೌಂಟರಿಗೆ ಜನ ಬೇಕಾಗಿದ್ದರು. ಹರಿಣಾಕ್ಷಿ ಮೂರು ತಿಂಗಳು ಮಕ್ಕಳಿಗೆ ಕೋಟು, ಬೂಟು, ಕೈಗವಸು ಕೊಟ್ಟಳು. ರೈಲಿನವನು ಬಿಟ್ಟುಹೋದ ದಿನ, “ನಾನು ನೋಡಿದ್ದೇನೆ, ನನಗೆ ಕೊಡಿ,” ಎಂದು ಕೇಳಿ ಕೀಲಿ ತೆಗೆದುಕೊಂಡಳು. ಐವತ್ತೆರಡು ವರ್ಷದಲ್ಲಿ ಅವಳ ಕೈಗೆ ಬಂದ ಮೊದಲ ಕೀಲಿ ಅದು. ನೂಲಿಗೆ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಳು.

ಜನವರಿ ಎರಡನೇ ವಾರದಲ್ಲಿ ರೈಲು ಏರಿನಲ್ಲಿ ನಿಂತಿತು.

ಹಳಿ ಗುಡಿಸಿ ಸ್ವಚ್ಛವಾಗಿತ್ತು, ಹಿಮದ ಒಂದು ಕಣವೂ ಇರಲಿಲ್ಲ. ಆದರೂ ಚಕ್ರ ಗರಗರ ತಿರುಗುತ್ತದೆ, ರೈಲು ಮುಂದೆ ಹೋಗುವುದಿಲ್ಲ. ಹರಿಣಾಕ್ಷಿ ಇಳಿದು, ಕೈಗವಸು ತೆಗೆದು, ಬರಿಗೈಯಿಂದ ಹಳಿ ಸವರಿದಳು. ಎಣ್ಣೆ ಹಚ್ಚಿದ ಗಾಜಿನಂತೆ ಜಾರಿತು. ಚಕ್ರ ತಿಕ್ಕಿದ ಬಿಸಿಗೆ ಹಿಮ ಕರಗಿ ನೀರಾಗಿ, ಆ ನೀರು ಮತ್ತೆ ಹೆಪ್ಪುಗಟ್ಟಿ, ಕಣ್ಣಿಗೆ ಕಾಣದ ಐಸಿನ ಪದರ ಕೂತಿತ್ತು. ಮಕ್ಕಳನ್ನೆಲ್ಲ ಇಳಿಸಿ ಕೈಹಿಡಿದು ನಡೆಸಿಕೊಂಡು ಬರಬೇಕಾಯಿತು.

ಯಂತ್ರಗಳನ್ನು ನೋಡಿಕೊಳ್ಳುವ ಬೆಟ್ಟಯ್ಯ ಹಾಸನ ಕಡೆಯವನು, ಶುವೈಖ್‌ನ ಗ್ಯಾರೇಜುಗಳಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿ ಬಂದವನು. ಅವನು, “ಏನೂ ಯೋಚ್ನೆ ಮಾಡ್ಬೇಡಿ ಹರಿಣಮ್ಮ. ಹಿಮ ಬೀಳೋ ದೇಶದಲ್ಲೆಲ್ಲ ರೋಡಿಗೆ ಉಪ್ಪು ಹಾಕ್ತಾರೆ. ನಾನು ಫೋನಲ್ಲಿ ನೋಡಿದೀನಿ,” ಎಂದು ಒಂದು ಚೀಲ ಉಪ್ಪು ತಂದು ಏರಿನ ಉದ್ದಕ್ಕೂ ಹಾಕಿದ. ಹತ್ತು ದಿನ ರೈಲು ಚೆನ್ನಾಗಿ ಹತ್ತಿತು. ಹನ್ನೊಂದನೇ ದಿನ ಇಂಜಿನಿನ ಅಡಿಯಿಂದ ಸುಟ್ಟ ವಾಸನೆ ಬಂತು. ಉಪ್ಪುನೀರು ಚಿಮ್ಮಿ ಮೋಟಾರಿಗೆ ಹೋಗುವ ತಂತಿಯ ಬಾಯಿಯಲ್ಲಿ ಹಸಿರು ಕಿಲುಬು ಹಿಡಿದಿತ್ತು. ಮೂರು ದಿನ ರೈಲು ಬಂದ್.

ಫೆಬ್ರವರಿ ಮೊದಲ ವಾರ ಬೆಟ್ಟಯ್ಯ ಇನ್ನೊಂದು ಉಪಾಯ ತಂದ. “ರೈಲಿಗೆ ಮರಳು ಹಾಕೋದು ಹಳೇ ಪದ್ಧತಿ. ಮರಳಿಗೇನು ಬರ ಈ ದೇಶದಲ್ಲಿ?” ಎಂದು ಜಹ್ರಾ ದಾರಿಯ ಬದಿಯಿಂದ ಎರಡು ಚೀಲ ತುಂಬಿಸಿ ತಂದ. ಆ ದಿನ ರೈಲು ಏರಿನ ಅರ್ಧಕ್ಕೆ ಹೋಗಿ ನಿಂತು, ಮೆಲ್ಲಗೆ ಹಿಂದಕ್ಕೆ ಜಾರಿತು. ಹರಿಣಾಕ್ಷಿ ಬ್ರೇಕು ಒತ್ತಿ ಹಿಡಿದೇ ಇದ್ದಳು. ಚಕ್ರ ನಿಂತಿತ್ತು, ರೈಲು ನಿಲ್ಲಲಿಲ್ಲ. ಏರಿನ ಬುಡಕ್ಕೆ ಬಂದು ತಾನಾಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ಮಕ್ಕಳು ಅದನ್ನೂ ಆಟವೆಂದು ಕೇಕೆ ಹಾಕಿದರು. ಆದರೆ ಗಾಜಿನ ಆಚೆ ನಿಂತ ತಾಯಂದಿರು ಕೇಕೆ ಹಾಕಲಿಲ್ಲ.

ಫೆಬ್ರವರಿ ಹದಿನಾರು, ಭಾನುವಾರ. ಮೇಲ್ವಿಚಾರಕ ರೂಬೆನ್ ಅವಳನ್ನು ಆಫೀಸಿಗೆ ಕರೆದ. ಕಿನ್ನಿಗೋಳಿಯ ಹುಡುಗ, ಹರಿಣಾಕ್ಷಿಗಿಂತ ಹದಿನೈದು ವರ್ಷ ಚಿಕ್ಕವನು. ಕೆಟ್ಟ ಸುದ್ದಿ ಹೇಳುವಾಗ ಪೆನ್ನಿನ ಟೊಪ್ಪಿ ತೆಗೆದು ಹಾಕಿ ಮಾಡುತ್ತಿರುತ್ತಾನೆ.

“ಹರಿಣಕ್ಕ, ಕೂತುಕೊಳ್ಳಿ. ಮುದೀರ್ ರೈಲು ತೆಗೀಲಿಕ್ಕೆ ಹೇಳ್ತಿದ್ದಾರೆ. ಹಳಿ ಕಿತ್ತು ಅಲ್ಲಿ ಜಾರುಬಂಡೆ ಮಾಡ್ತಾರಂತೆ.” ಮುದೀರ್ ಎಂದರೆ ಹಿಮದ ಮನೆಯ ದೊಡ್ಡ ಮ್ಯಾನೇಜರ್.

“ಯಾವಾಗ?”

“ನಾನು ಹೇಳಿ ಹೇಳಿ ನ್ಯಾಷನಲ್ ಡೇ ರಜೆವರೆಗೆ ನಿಲ್ಲಿಸಿದ್ದೇನೆ. ಇಪ್ಪತ್ತೈದು, ಇಪ್ಪತ್ತಾರು. ಈ ಎರಡು ದಿನ ರೈಲು ನಿಲ್ಲದೆ ಓಡಬೇಕು. ಒಂದು ಸಲ ಮಕ್ಕಳನ್ನು ಇಳಿಸಿ ನಡೆಸಿದರೂ ಖಲಾಸ್.” ಪೆನ್ನಿನ ಟೊಪ್ಪಿ ಟಕ್ಕೆಂದಿತು. “ಇನ್ನೊಂದು ಉಂಟು. ನಿಮ್ಮ ಇಕಾಮಾ ಮಾರ್ಚ್ ಒಂಬತ್ತಕ್ಕೆ ಮುಗೀತದೆ. ರೈಲು ಇಲ್ಲದಿದ್ದರೆ ರೈಲಿನವರನ್ನು ಇಟ್ಟುಕೊಳ್ಳುವುದಿಲ್ಲ ಅಂತ ಹೇಳ್ತಾರೆ. ಕೋಟಿನ ಕೌಂಟರಿಗೆ ಈಗ ಜನ ಸಾಕಷ್ಟು ಉಂಟು.”

ಇಕಾಮಾ, ಅಂದರೆ ವಾಸದ ಪರವಾನಗಿ, ಇಲ್ಲದೆ ಈ ದೇಶದಲ್ಲಿ ಇರುವಂತಿಲ್ಲ. ಹರಿಣಾಕ್ಷಿಗೆ ಗೊತ್ತಿತ್ತು, ಇಲ್ಲಿಂದ ಬಿಟ್ಟರೆ ಮುಂದೆ ಏನೆಂದು. ಯಾರಾದರೂ ಫೋನ್ ನಂಬರು ಕೊಡುತ್ತಾರೆ, ಮತ್ತೆ ಯಾರದೋ ಅಡುಗೆಮನೆ, ಮತ್ತೆ “ಹರೀನಾ.” ಅನ್ವಿತಾಳ ಓದು ಮುಗಿಯುವುದಕ್ಕೆ ಇನ್ನೂ ಎರಡು ವರ್ಷವಿತ್ತು.

“ಸರಿ ರೂಬೆನ್ ಸರ್,” ಎಂದು ಎದ್ದಳು. ಬಾಗಿಲ ಹತ್ತಿರ ನಿಂತು, “ಕ್ಯಾಂಟೀನಿನ ಒಲೆ ಬೆಳಿಗ್ಗೆ ಖಾಲಿ ಇರ್ತದಲ್ಲ?” ಎಂದು ಕೇಳಿದಳು.

“ಹನ್ನೆರಡಕ್ಕೆ ಶುರು ಮಾಡ್ತಾರೆ. ಯಾಕೆ?”

“ನೋಡುವ,” ಎಂದಳು.

ಅವಳು ನೇರ ಏರಿಗೆ ಹೋದಳು. ಬೆಟ್ಟಯ್ಯ ಹಾಕಿದ ಮರಳು ಹಳಿಯ ಬದಿಯಲ್ಲಿ ಕೆಸರಾಗಿ ಗಟ್ಟಿಯಾಗಿತ್ತು. ಒಂದು ಚಿಟಿಕೆ ಕೆರೆದು, ಕೈಬಿಸಿಗೆ ಕರಗಿಸಿ, ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿದಳು. ಕಣ ಸಿಗಲಿಲ್ಲ. ಬರೀ ನುಣ್ಣಗೆ.

ಮೂಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಅವಳ ತಾಯಿ ಮೂವತ್ತು ವರ್ಷ ನೆಲಕಡಲೆ ಹುರಿದು ಮಾರಿದವಳು. ಬಾಣಲೆಯಲ್ಲಿ ಮರಳು ಕಾಯಿಸಿ ಅದರೊಳಗೆ ಕಡಲೆ ಹಾಕಿ ಹುರಿಯುವುದು. ಮರಳು ಸರಿಯಿಲ್ಲದಿದ್ದರೆ ಕಡಲೆಗೆ ಮಣ್ಣು ಹಿಡಿಯುತ್ತದೆ, ಜನ ಉಗುಳುತ್ತಾರೆ. ಹಾಗಾಗಿ ಹರಿಣಾಕ್ಷಿ ಶಾಲೆಗೆ ಹೋದದ್ದಕ್ಕಿಂತ ಹೆಚ್ಚು ದಿನ ಮರಳು ತೊಳೆದವಳು. ದೊಡ್ಡ ಜರಡಿಯಲ್ಲಿ ಕಲ್ಲು ತೆಗೆಯಬೇಕು, ಸಣ್ಣ ಜರಡಿಯಲ್ಲಿ ಧೂಳು ಬಿಡಬೇಕು, ನಡುವೆ ಉಳಿದದ್ದು ಮಾತ್ರ ಮರಳು. ಅದನ್ನು ನೀರು ತಿಳಿಯಾಗುವವರೆಗೆ ತೊಳೆದು, ಒಂದು ಕಣ ನಾಲಿಗೆಗೆ ಹಾಕಿ ನೋಡಬೇಕು. ಹುರಿದ ಮೇಲೆ ಮುಷ್ಟಿ ತುಂಬ ಹಿಡಿದು ಬಿಟ್ಟರೆ ಅಂಗೈಯ ಗೆರೆಯಲ್ಲೂ ಒಂದು ಕಣ ನಿಲ್ಲಬಾರದು.

“ಬೆಟ್ಟಯ್ಯಣ್ಣ, ನೀವು ತಂದದ್ದು ಮರಳಲ್ಲ, ಹಿಟ್ಟು,” ಎಂದಳು.

“ಈ ದೇಶದಲ್ಲಿ ನಿಂತು ಮರಳಲ್ಲ ಅಂತೀರಲ್ಲ ತಾಯಿ. ಕಣ್ಣಿಗೆ ಕಾಣೋದೆಲ್ಲ ಅದೇ.”

“ಅದು ಗಾಳಿ ಹೊತ್ತುಕೊಂಡು ಬಂದದ್ದು. ಗಾಳಿಗೆ ಹೊರಲಿಕ್ಕೆ ಆಗದ್ದು ಬೇಕು. ಕಟ್ಟಡದ ಕೆಲಸಕ್ಕೆ ತರ್ತಾರಲ್ಲ, ದಪ್ಪದ್ದು. ಎಲ್ಲಿ ಸಿಗ್ತದೆ?”

ಬೆಟ್ಟಯ್ಯನ ಊರಿನವನೊಬ್ಬ ಸಬ್ಹಾನ್‌ನಲ್ಲಿ ಸಿಮೆಂಟ್ ಇಟ್ಟಿಗೆ ಮಾಡುವ ಕಡೆ ಇದ್ದ. ಮರುದಿನ ಪಿಕಪ್ಪಿನಲ್ಲಿ ಮೂರು ಮೂಟೆ ಬಂತು. ಹರಿಣಾಕ್ಷಿ ಮೂಟೆಗೆ ಕೈ ಹಾಕಿ, ಮುಷ್ಟಿ ಹಿಡಿದು, ಕಿವಿಯ ಹತ್ತಿರ ತಂದು ಹಿಸುಕಿದಳು. ಕಿರ್ ಎಂದಿತು. “ಇದು ಆಗ್ತದೆ,” ಎಂದಳು.

ಗೋದಾಮಿನ ಹಿಂದೆ ನಲ್ಲಿಯ ಹತ್ತಿರ ಜರಡಿ ಹಿಡಿದು, ಬಕೆಟ್‌ಗಳಲ್ಲಿ ತೊಳೆಯಲು ಕೂತಳು. ಕೋಟಿನ ಕೌಂಟರಿನ ಫರ್ಸಾನಾ ನೋಡಲು ಬಂದಳು. ಅವಳು ಉಳ್ಳಾಲದ ಬ್ಯಾರಿ ಹುಡುಗಿ, ಬಾಯಿ ಸುಮ್ಮನಿರುವುದಿಲ್ಲ.

“ಹರಿಣಕ್ಕ, ಕುವೈತಿಗೆ ಬಂದು ಮರಳು ತೊಳೆದವರು ನೀವೊಬ್ಬರೇ ಇರಬೇಕು. ತೊಳೆದು ಮುಗಿದ ಮೇಲೆ ಆಚೆ ಕಡೆದೂ ಸ್ವಲ್ಪ ತೊಳೀರಿ, ಸೌದಿವರೆಗೆ.”

“ನೀನು ಆ ಬಕೆಟ್ ಎತ್ತು. ಇದು ಐದನೇ ನೀರು, ಇನ್ನೂ ಎರಡು ಬೇಕು.”

“ಐದರಲ್ಲೇ ತಿಳಿ ಆಗಿದೆಯಲ್ಲ.”

“ನೋಡಲಿಕ್ಕೆ ತಿಳಿ. ನಾಲಿಗೆಗೆ ಹಾಕಿ ನೋಡು.”

ಫರ್ಸಾನಾ ಒಂದು ಕಣ ನಾಲಿಗೆಗಿಟ್ಟು ಮುಖ ಹುಳಿ ಮಾಡಿದಳು. ಉಪ್ಪಿತ್ತು. ಏಳನೇ ನೀರಿಗೆ ಹೋಯಿತು.

ಆ ವರ್ಷ ಕುವೈತಿನಲ್ಲಿ ಹೊರಗೂ ವಿಪರೀತ ಚಳಿ, ಬಿಸಿಲಿಗೆ ಹಾಕಿದ ಮರಳು ಒಣಗಲಿಲ್ಲ. ಹರಿಣಾಕ್ಷಿ ಕ್ಯಾಂಟೀನಿನ ದೊಡ್ಡ ಬಾಣಲೆಯಲ್ಲಿ ಅದನ್ನು ಹುರಿದಳು. ಗುರುವಾರ ಬೆಳಿಗ್ಗೆ, ಹುರಿದು ತಣಿಸಿದ ಮರಳನ್ನು ಏರಿನ ಹಳಿಗೆ ಹಾಕಿ ಖಾಲಿ ರೈಲು ಓಡಿಸಿದಳು. ಐಸಿನ ಮೇಲೆ ಮರಳು ತಟ್ಟೆಯ ಮೇಲಿನ ಸಾಸಿವೆಯಂತೆ ಉರುಳಿ ಬದಿಗೆ ಬಿತ್ತು. ರೈಲು ಮುಕ್ಕಾಲು ಏರು ಹತ್ತಿ ಜಾರತೊಡಗಿತು. ಬೆಟ್ಟಯ್ಯ ಬುಡದಲ್ಲಿ ನಿಂತು ಭುಜ ಕೊಟ್ಟ.

ಹರಿಣಾಕ್ಷಿ ಇಳಿದು ಹಳಿಯ ಪಕ್ಕ ಕೂತಳು. ಮರಳು ಸರಿಯಿದೆ. ಆದರೆ ಅದಕ್ಕೆ ನಿಲ್ಲಲು ಜಾಗವಿಲ್ಲ. ಚಿಕ್ಕಂದಿನಲ್ಲಿ ತಾಯಿಯ ಬಾಣಲೆಯಿಂದ ಬಿಸಿಮರಳಿನ ಕಣ ಒಮ್ಮೊಮ್ಮೆ ಹಾರಿ ತನ್ನ ಪ್ಲಾಸ್ಟಿಕ್ ಚಪ್ಪಲಿಯಲ್ಲಿ ಹುಗಿದು ಕೂರುತ್ತಿದ್ದುದು ಅವಳಿಗೆ ನೆನಪಾಯಿತು. ಎಷ್ಟು ತೊಳೆದರೂ ಬಿಡುತ್ತಿರಲಿಲ್ಲ.

ಮತ್ತೆ ಒಂದು ಬಾಣಲೆ ಹುರಿದು, ಈ ಸಲ ತಣಿಯಲು ಬಿಡದೆ, ಕ್ಯಾಂಟೀನಿನ ಚಹಾ ಕೆಟಲಿಗೆ ತುಂಬಿಸಿ, ಬಟ್ಟೆ ಸುತ್ತಿ ಹಿಡಿದುಕೊಂಡು ಓಡಿದಳು. ಕೆಟಲಿನ ಮೂತಿಯಿಂದ ರಂಗೋಲಿ ಎಳೆದ ಹಾಗೆ ಹಳಿಯ ಮೇಲೆ ಸಣ್ಣ ಗೆರೆ ಬಿಟ್ಟಳು. ಸಿರ್ರೆಂದಿತು. ಬಿಸಿ ಕಣ ಪ್ರತಿಯೊಂದೂ ಐಸಿನಲ್ಲಿ ತನ್ನಷ್ಟೇ ಗುಂಡಿ ಕೊರೆದು ಕೂತಿತು, ಮರುಕ್ಷಣ ಸುತ್ತಲಿನ ನೀರು ಹೆಪ್ಪುಗಟ್ಟಿ ಅದನ್ನು ಹಿಡಿದುಕೊಂಡಿತು. ಸವರಿ ನೋಡಿದರೆ ಹೊಸದಾಗಿ ಉಳಿಯೇಟು ಕೊಡಿಸಿದ ಅರೆಯುವ ಕಲ್ಲಿನ ಹಾಗೆ ತರಿತರಿ.

ಖಾಲಿ ರೈಲು ಒಂದೇ ಉಸಿರಿಗೆ ಏರು ಹತ್ತಿತು. ಬೆಟ್ಟಯ್ಯ ಬಗ್ಗಿ ಹಳಿ ಸವರಿ ನೋಡಿ, “ಇದು ಫೋನಲ್ಲಿ ಬಂದಿರಲಿಲ್ಲ,” ಎಂದ.

ಒಂದು ಸಲ ಹಾಕಿದ ಮರಳು ಹದಿನೈದು ಸುತ್ತಿಗೆ ಬರುತ್ತದೆ, ಆಮೇಲೆ ಗುಡಿಸಿ ಹೊಸದು ಹಾಕಬೇಕು ಎಂದು ಮೂರು ದಿನದಲ್ಲಿ ಎಣಿಸಿ ತಿಳಿದುಕೊಂಡಳು.

ಇಪ್ಪತ್ತೈದನೇ ತಾರೀಕು ಬೆಳಿಗ್ಗೆ ಆರಕ್ಕೇ ಅವಳು ಬಾಗಿಲು ತೆರೆದಳು. ರಜೆಯ ಜನಕ್ಕೆಂದು ಯಂತ್ರಗಳನ್ನು ಎರಡು ಪಟ್ಟು ಹೊತ್ತು ಓಡಿಸಿದ್ದರು. ಹಿಮ ಮೊಣಕಾಲಿನವರೆಗೆ. ಹಳಿ ಎಲ್ಲಿದೆ ಎಂದೇ ಕಾಣುತ್ತಿರಲಿಲ್ಲ, ಇಂಜಿನಿನ ಮೇಲೆ ಹಿಮ ಹಸುವಿನ ಬೆನ್ನಿನಂತೆ ಉಬ್ಬಿತ್ತು. ಫರ್ಸಾನಾಳನ್ನೂ ಬೆಟ್ಟಯ್ಯನನ್ನೂ ಸೇರಿಸಿಕೊಂಡು ಸಲಿಕೆಯಲ್ಲಿ ತೆಗೆದು, ಹಿಡಿಸೂಡಿಯಲ್ಲಿ ಗುಡಿಸಿ, ದಾಟುವ ಜಾಗದ ಸಂದು ಕೆರೆಯುವಷ್ಟರಲ್ಲಿ ಎಂಟೂವರೆ. ಹತ್ತಕ್ಕೆ ಮೊದಲ ರೈಲು. ಹತ್ತಕ್ಕೇ ಮುದೀರ್ ತಮ್ಮ ಮೊಮ್ಮಕ್ಕಳ ಜೊತೆ ಬರುವವರಿದ್ದರು.

ಹರಿಣಾಕ್ಷಿ ಒಲೆ ಹಚ್ಚಿ ಬಾಣಲೆಗೆ ಮರಳು ಹಾಕಿದಳು. ಮರಳು ಕಾದು ಬಣ್ಣ ತಿರುಗಿತು. ದೊಡ್ಡ ಸಟ್ಟುಗದಿಂದ ಅಡಿಮೇಲು ಮಾಡುತ್ತಾ ಅವಳ ಮನಸ್ಸು ಮಾರ್ಚ್ ಒಂಬತ್ತರಲ್ಲಿತ್ತು. ಒಂಬತ್ತೂಕಾಲಿಗೆ ಕೆಟಲು ತುಂಬಿಸುವ ಮೊದಲು ಒಂದು ಕಣ ಊದಿ ತಣಿಸಿ ನಾಲಿಗೆಗೆ ಹಾಕಿದಳು.

ಉಪ್ಪು.

ಮತ್ತೊಂದು ಕಣ ಹಾಕಿದಳು. ಉಪ್ಪು. ಅವಳು ಒಲೆಯ ಪಕ್ಕ ನೋಡಿದಳು. ಕ್ಯಾಂಟೀನಿನ ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದಿತ್ತು. ಅವಳ ಬಲಗೈ ಬೆರಳುಗಳಲ್ಲಿ ಬಿಳಿ ಹುಡಿ. ಅವಳ ತಾಯಿ, ಕಡಲೆಗೆ ರುಚಿ ಹತ್ತಲೆಂದು, ಮರಳು ಬಣ್ಣ ತಿರುಗಿದ ಕೂಡಲೇ ಒಂದು ಮುಷ್ಟಿ ಉಪ್ಪು ಎಸೆಯುತ್ತಿದ್ದಳು. ಹದಿನೆಂಟು ವರ್ಷದವರೆಗೆ ಹರಿಣಾಕ್ಷಿಯೂ ಎಸೆದಿದ್ದಳು. ಹಿಂದಿನ ದಿನಗಳಲ್ಲಿ ಮೈಯೆಲ್ಲ ಎಚ್ಚರವಾಗಿದ್ದಳು. ಇವತ್ತು ಮನಸ್ಸು ಬೇರೆ ಕಡೆ ಹೋದಾಗ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತ್ತು. ಏಳು ನೀರಿನಲ್ಲಿ ತೆಗೆದದ್ದನ್ನು ಒಂದು ಮುಷ್ಟಿಯಲ್ಲಿ ತಿರುಗಿ ಹಾಕಿದ್ದಳು.

ಫರ್ಸಾನಾ ಬಾಗಿಲಲ್ಲಿ ನಿಂತಿದ್ದಳು. “ಎಂತಾಯ್ತು ಹರಿಣಕ್ಕ?”

“ಉಪ್ಪು ಹಾಕಿದೆ.”

“ಯಾವುದಕ್ಕೆ? ಮರಳಿಗಾ?” ಅವಳಿಗೆ ನಗು ತಡೆಯಲಾಗಲಿಲ್ಲ, ಹರಿಣಾಕ್ಷಿಯ ಮುಖ ನೋಡಿ ನುಂಗಿಕೊಂಡಳು. “ಒಂದು ಮುಷ್ಟಿ ತಾನೆ. ಯಾರಿಗೆ ಗೊತ್ತಾಗ್ತದೆ? ಇವತ್ತು ಒಂದು ದಿನಕ್ಕೆ ಏನಾಗುದಿಲ್ಲ.”

ಬೆಟ್ಟಯ್ಯನೂ ಬಂದ. ಉಪ್ಪಿನ ವಿಷಯದಲ್ಲಿ ಅವನಿಗೆ ಬಾಯಿ ಬಿಡಲು ಸಂಕೋಚ. “ಹತ್ತು ದಿನ ತಡೆದಿತ್ತು ಅವತ್ತು,” ಎಂದಷ್ಟೇ ಹೇಳಿದ.

ಅವರು ಹೇಳಿದ್ದು ಸುಳ್ಳಲ್ಲ. ಈ ಎರಡು ದಿನ ಕಳೆದರೆ ಸಾಕು. ಆದರೆ ಉಪ್ಪು ಐಸನ್ನು ಕರಗಿಸುತ್ತದೆ, ಐಸು ಕರಗಿದರೆ ಮರಳನ್ನು ಹಿಡಿದುಕೊಳ್ಳುವುದು ಯಾವುದು? ಕಣವೆಲ್ಲ ಸಡಿಲವಾಗಿ ಕೊಚ್ಚಿಹೋಗುತ್ತದೆ. ಮೊದಲ ನಾಲ್ಕು ಸುತ್ತು ಹತ್ತಬಹುದು. ಐದನೆಯದರಲ್ಲಿ ಹದಿನೆಂಟು ಮಕ್ಕಳ ಜೊತೆ ಹಿಂದಕ್ಕೆ ಜಾರಿದರೆ? ಅವಳು ಬಾಣಲೆ ಎತ್ತಿ ಹಿಂದಿನ ಬಾಗಿಲಿನಿಂದ ಹೊರಗೆ ಸುರಿದಳು. ಬಾಣಲೆಯನ್ನು ಎರಡು ಸಲ ತೊಳೆದಳು. ತೊಳೆದ ಮರಳು ಇನ್ನೂ ಅರ್ಧ ಮೂಟೆ ಇತ್ತು, ಆದರೆ ಹಸಿ. ಅದು ನೀರು ಆರಿ, ಕಾಯಲು ಒಂದು ಗಂಟೆಯ ಮೇಲೆ ಬೇಕು.

ಅವಳು ರೂಬೆನ್‌ನ ಆಫೀಸಿಗೆ ಹೋದಳು. “ಮೊದಲ ರೈಲು ಹತ್ತು ನಲವತ್ತಕ್ಕೆ ಬಿಡ್ತೇನೆ.”

ರೂಬೆನ್ ಎದ್ದೇ ನಿಂತ. “ಹರಿಣಕ್ಕ, ಎಂತ ಹೇಳ್ತಿದ್ದೀರಿ? ಮುದೀರ್ ಹತ್ತಕ್ಕೆ ಬರ್ತಾರೆ. ನಾನು ಅವರಿಗೆ ಯಾವ ಮುಖದಲ್ಲಿ ಹೇಳಲಿ?”

“ನನ್ನ ತಪ್ಪು ಅಂತ ಹೇಳಿ. ಮರಳಿಗೆ ಉಪ್ಪು ಬಿದ್ದಿದೆ, ನನ್ನ ಕೈಯಿಂದ. ಬೇರೆ ಹುರೀಬೇಕು.”

“ಹಾಗೇ ಓಡಿಸಲಿಕ್ಕೆ ಆಗುದಿಲ್ಲವಾ?”

“ಓಡಿಸಬಹುದು. ಇಳಿಸಿ ನಡೆಸುವ ಹಾಗೆ ಆದೀತು.”

ರೂಬೆನ್ ಪೆನ್ನನ್ನು ಮೇಜಿನ ಮೇಲಿಟ್ಟ. “ಹತ್ತು ನಲವತ್ತು. ಒಂದು ನಿಮಿಷ ಜಾಸ್ತಿ ಬೇಡ.”

ಅವಳು ಮರಳನ್ನು ಎರಡು ಪಾಲು ಮಾಡಿ ಎರಡು ಒಲೆಯ ಮೇಲಿಟ್ಟಳು. ಉಪ್ಪಿನ ಡಬ್ಬಿಯನ್ನು ಫರ್ಸಾನಾಳ ಕೈಗೆ ಕೊಟ್ಟು, “ಇದನ್ನು ತೆಗೊಂಡು ಹೋಗು, ನಾನು ಕೇಳಿದರೂ ಕೊಡಬೇಡ,” ಎಂದಳು. ಹತ್ತಕ್ಕೆ ಬಾಗಿಲು ತೆರೆಯಿತು. ಮಕ್ಕಳ ಗದ್ದಲ ಅಡುಗೆಮನೆಯವರೆಗೆ ಕೇಳುತ್ತಿತ್ತು. ಅವಳು ಮಗುಚುತ್ತಲೇ ಇದ್ದಳು. ಕಣ ನಾಲಿಗೆಗೆ ಹಾಕಿದಳು, ಕಲ್ಲಿನ ರುಚಿ ಬಿಟ್ಟರೆ ಬೇರೇನಿಲ್ಲ. ನೀರು ಚಿಮುಕಿಸಿದಳು, ಚುರ್ರೆಂದು ಹಾರಿತು.

ಹತ್ತು ಮೂವತ್ತೈದಕ್ಕೆ ಏರಿನ ಎರಡೂ ಹಳಿಗೆ ಗೆರೆ ಎಳೆದು ಮುಗಿಸಿದಳು. ಸ್ಟೇಷನ್ನಿನಲ್ಲಿ ಮಕ್ಕಳು ಸಾಲು ನಿಂತು ಕಾಲು ಕುಣಿಸುತ್ತಿದ್ದರು. ಗಾಜಿನ ಆಚೆ ಮುದೀರ್ ಕೋಟು ಹಾಕಿಕೊಂಡು ಚಹಾ ಕುಡಿಯುತ್ತಾ ಕೂತಿದ್ದರು. ಅವರ ಪಕ್ಕ ನಿಂತಿದ್ದ ರೂಬೆನ್ ಗಡಿಯಾರ ನೋಡುತ್ತಿದ್ದ.

“ಯಲ್ಲಾ ಖಾಲಾ,” ಹೊರಡು ಚಿಕ್ಕಮ್ಮ, ಎಂದು ಮುಂದಿನ ಡಬ್ಬಿಯ ಹುಡುಗಿ ಅವಳ ಬೆನ್ನು ತಟ್ಟಿದಳು.

ಮೊದಲ ಸುತ್ತು ಹತ್ತಿತು. ಎರಡನೆಯದು, ಮೂರನೆಯದು ಹತ್ತಿದವು. ಏರಿನ ಬುಡದಲ್ಲಿ ವೇಗ ಹಿಡಿದು, ನಡುವೆ ಎಲ್ಲೂ ತಡೆಯದೆ ಹೋಗುವುದು ಅವಳ ರೀತಿ. ನಿಂತರೆ ಮತ್ತೆ ಎಬ್ಬಿಸುವುದು ಕಷ್ಟ. ತುಂಬಿದ ರೈಲನ್ನು ಏರಿನ ನಡುವೆ ನಿಲ್ಲಿಸಿ ಅವಳು ಯಾವತ್ತೂ ನೋಡಿರಲಿಲ್ಲ.

ಏಳನೇ ಸುತ್ತಿನಲ್ಲಿ ಏರಿನ ಇಪ್ಪತ್ತನೇ ಹೆಜ್ಜೆಯ ಹತ್ತಿರ ಬಂದಾಗ, ಮಕ್ಕಳು ಕೂತು ಜಾರುವ ದೊಡ್ಡ ರಬ್ಬರ್ ಉಂಗುರವೊಂದು ಪಕ್ಕದ ದಿಬ್ಬದಿಂದ ಖಾಲಿಯಾಗಿ ಉರುಳಿ, ಬೇಲಿ ಹಾರಿ, ಎದುರಿನ ಹಳಿಯ ಮೇಲೆ ಅಡ್ಡ ಬಿತ್ತು. ಹತ್ತಿಸಿಕೊಂಡು ಹೋದರೆ ಚಕ್ರಕ್ಕೆ ಸಿಕ್ಕಿ ಹಳಿ ಬಿಡುತ್ತದೆ. ಅವಳು ಬ್ರೇಕು ಒತ್ತಿದಳು. ರೈಲು ಏರಿನ ನಡುವೆ ನಿಂತಿತು. ಹದಿನೆಂಟು ಮಕ್ಕಳೂ ಡಬ್ಬಿಯ ಅಂಚು ಹಿಡಿದುಕೊಂಡರು.

ಜಾರಲಿಲ್ಲ. ಬ್ರೇಕಿನ ಮೇಲೆ ಕಾಲಿಟ್ಟು ಅವಳು ಹಿಂದಿನ ಡಬ್ಬಿ ನೋಡಿದಳು. ಅದು ನಿಂತಲ್ಲೇ ನಿಂತಿತ್ತು.

ಫರ್ಸಾನಾ ಬೂಟಿನ ಕಾಲೆತ್ತಿ ಎತ್ತಿ ಹಾಕುತ್ತಾ ಹಿಮದಲ್ಲಿ ಓಡಿಬಂದು ಉಂಗುರ ಎಳೆದು ಬದಿಗೆ ಎಸೆದಳು. ಬೆಟ್ಟಯ್ಯ ಕೆಳಗಿನಿಂದ, “ನಾನು ತಳ್ಳಲಾ?” ಎಂದು ಕೂಗಿದ.

“ಹತ್ತಿರ ಬರಬೇಡಿ. ಹಿಂದೆ ಯಾರೂ ನಿಲ್ಲಬೇಡಿ,” ಎಂದಳು.

ಕೈಗವಸು ತೆಗೆದು ಬರಿಗೈಯಲ್ಲಿ ಕರೆಂಟು ಕೊಡುವ ಹಿಡಿಕೆ ಹಿಡಿದಳು. ಬ್ರೇಕು ಪೂರ್ತಿ ಬಿಡದೆ ಕೂದಲೆಳೆಯಷ್ಟು ಕರೆಂಟು ಕೊಟ್ಟಳು. ಚಕ್ರ ಅರ್ಧ ಸುತ್ತು ಸುಮ್ಮನೆ ತಿರುಗಿತು. ಅವಳು ಹಿಡಿಕೆಯನ್ನು ಮುಂದೆ ದೂಡಲಿಲ್ಲ, ಹಿಂದಕ್ಕೂ ಎಳೆಯಲಿಲ್ಲ, ಹಾಗೇ ಹಿಡಿದು ಕಾದಳು. ಕಾಲಡಿಯಲ್ಲಿ ಕಿರ್ ಎಂದು ಮರಳು ಕಚ್ಚುವುದು ತಿಳಿಯಿತು. ಆಗ ಬ್ರೇಕು ಬಿಟ್ಟಳು. ರೈಲು ಒಂದು ಗೇಣು ಮುಂದೆ ಹೋಯಿತು, ಒಂದು ಮೊಳ ಹೋಯಿತು, ನಡೆಯುವ ಮನುಷ್ಯನಷ್ಟು ವೇಗದಲ್ಲಿ ಸುರಂಗದೊಳಗೆ ನುಗ್ಗಿತು. ಕತ್ತಲಲ್ಲಿ ಮಕ್ಕಳು ಎಂದಿನಂತೆ ಕಿರುಚಿದರು.

ಆ ದಿನ ನಲವತ್ತೊಂದು ಸುತ್ತು, ಮರುದಿನ ಐವತ್ತಮೂರು. ಒಂದು ಮಗುವನ್ನೂ ಇಳಿಸಿ ನಡೆಸಲಿಲ್ಲ.

ಇಪ್ಪತ್ತೇಳರಂದು ಮಧ್ಯಾಹ್ನ ರೂಬೆನ್ ಕರೆಸಿದ. ಮೇಜಿನ ಮೇಲೆ ಎರಡು ಕಾಗದ ಇದ್ದವು.

“ಇದು ನಲವತ್ತು ನಿಮಿಷ ತಡ ಮಾಡಿದ್ದಕ್ಕೆ ವಾರ್ನಿಂಗ್. ಮುದೀರ್ ಹೇಳಿದ್ದಾರೆ, ಕೊಡದಿದ್ದರೆ ಆಗುದಿಲ್ಲ. ಬೇಜಾರು ಮಾಡಬೇಡಿ.”

“ತಪ್ಪು ಮಾಡಿದ್ದಕ್ಕೆ ಕೊಡ್ತೀರಿ. ಇನ್ನೊಂದು?”

“ಇಕಾಮಾದ್ದು. ಎರಡು ವರ್ಷಕ್ಕೆ. ಹಳಿ ಕೀಳುದು ಬೇಡ ಅಂತ ಆಯ್ತು. ರೈಲು ಏರಿನಲ್ಲಿ ನಿಂತು ಮತ್ತೆ ಹೊರಟದ್ದನ್ನು ಅವರೇ ನೋಡಿದ್ದಾರೆ. ಮರಳಿಗೆ ಎಂತ ಮಾಡಿದ್ದಾರೆ ಈ ಹೆಂಗಸು ಅಂತ ಕೇಳಿದರು. ಹುರಿದಿದ್ದಾರೆ ಅಂದೆ. ನಾನು ತಮಾಷೆ ಮಾಡ್ತೇನೆ ಅಂತ ತಿಳಿದರು.”

ಅವಳು ಎರಡನ್ನೂ ಬೆರಳಿಟ್ಟು ಅಕ್ಷರ ಅಕ್ಷರವಾಗಿ ನೋಡಿದಳು. ಇಂಗ್ಲಿಷು, ಅರಬ್ಬಿ ಅವಳಿಗೆ ಬಾರದು, ಆದರೆ ತನ್ನ ಹೆಸರು ಯಾವ ಲಿಪಿಯಲ್ಲಿದ್ದರೂ ಗುರುತಿಸುತ್ತಾಳೆ. ಮೊದಲು ಇಕಾಮಾದ ಕಾಗದಕ್ಕೆ ಸಹಿ ಹಾಕಿದಳು, ಕನ್ನಡದಲ್ಲಿ, ನಿಧಾನವಾಗಿ. ಆಮೇಲೆ ವಾರ್ನಿಂಗಿಗೆ ಹಾಕಿದಳು.

“ಎರಡು ಫೋಟೋ ಬೇಕು,” ಎಂದ ರೂಬೆನ್.

ಹೊರಗೆ ಬಂದಾಗ ಫರ್ಸಾನಾ, “ಫೋಟೋಕ್ಕೆ ಮೊದಲು ತಲೆಗೆ ಬಣ್ಣ ಹಾಕಿ ಹರಿಣಕ್ಕ. ಇಲ್ಲದಿದ್ದರೆ ಹಿಮ ಬಿದ್ದದ್ದು ಅಂತ ತಿಳ್ಕೊಳ್ತಾರೆ,” ಎಂದಳು.

“ನಿನ್ನ ನಾಲಿಗೆಗೆ ಸ್ವಲ್ಪ ಮರಳು ಹಾಕಬೇಕು,” ಎಂದು ಹರಿಣಾಕ್ಷಿ ಬೆಟ್ಟಯ್ಯನನ್ನು ಹುಡುಕಿಕೊಂಡು ಹೋದಳು. ಅವನು ಯಂತ್ರದ ಕೋಣೆಯಲ್ಲಿ ಎಣ್ಣೆ ಒರೆಸುತ್ತಿದ್ದ.

“ಬೆಟ್ಟಯ್ಯಣ್ಣ, ಸಬ್ಹಾನಿಗೆ ಯಾವಾಗ ಹೋಗ್ತೀರಿ? ಮರಳು ಮುಗೀತು.”

“ನಾಳಿದ್ದು ಹೋಗ್ತೀನಿ. ಎಷ್ಟು ಬೇಕು, ಮೂರು ಮೂಟೆ ಸಾಕಲ್ಲ?”

ಹರಿಣಾಕ್ಷಿ ಬೆರಳು ಮಡಚುತ್ತಾ ಲೆಕ್ಕ ಹಾಕಿದಳು. ದಿನಕ್ಕೆ ಮೂರು ಕೆಟಲು, ರಜೆಯಿದ್ದರೆ ನಾಲ್ಕು. ಒಂದು ಮೂಟೆಯಲ್ಲಿ ಕಲ್ಲು, ಧೂಳು ಕಳೆದು ಉಳಿಯುವುದು ಮುಕ್ಕಾಲು ಪಾಲು.

“ಎರಡು ವರ್ಷದ್ದು ಒಟ್ಟಿಗೆ ತರಲಿಕ್ಕೆ ಆಗ್ತದಾ?” ಎಂದು ಕೇಳಿದಳು.

ಬೆಟ್ಟಯ್ಯ ಬಟ್ಟೆ ಕೆಳಗಿಟ್ಟು ಅವಳನ್ನು ನೋಡಿದ. “ಎರಡು ವರ್ಷ ಕೊಟ್ರಾ?”

“ಕೊಟ್ಟರು.”

“ಹಂಗಾದ್ರೆ ಪಿಕಪ್ ಸಾಲಲ್ಲ ತಾಯಿ,” ಎಂದ ಬೆಟ್ಟಯ್ಯ. “ಲಾರಿ ಕೇಳ್ಬೇಕು.”